ನೆಟ್ಟ ಮೇಲೆ ನೀರು ಹೊರಬೇಕು

ಚಿ. ಪುಟ್ಟಿಗೆ ನಿನ್ನ ಅಜ್ಜಿ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ತಾತನ ಮಂಡಿನೋವು ಈಗ ಪರವಾಗಿಲ್ಲ. ಹೊಲದಲ್ಲಿ ರಾಗಿ ತೆನೆ ಕಟ್ಟಿದೆ, ಸಾಲಿನ ಅವರೆಗೆ ಹೂ ಬಂದಿದೆ. ನಿನ್ನ ಕ್ಷೇಮಸಮಾಚಾರ ಫೋನಿನಲ್ಲಿ ತಿಳಿಯುತ್ತಲೇ ಇರುತ್ತದೆ. ಆದರೂ ಕಾಗದ ಬರೆಯಲು ಕುಳಿತೆ. ಮೊನ್ನೆ ನೀನು ಆಡಿದ ಮಾತಿಗೆ ಫೋನಿನಲ್ಲೇ ಏನೋ ಒಂದು ಸಮಾಧಾನ ಹೇಳಿ ಮುಗಿಸುವುದು ಸರಿ ಅನ್ನಿಸಲಿಲ್ಲ. ಕಾಗದವಾದರೆ ಬೇಕೆಂದಾಗ ತೆಗೆದು ಓದಬಹುದು. ಒಪ್ಪದ ಕಡೆ ಗೆರೆ ಎಳೆದಿಟ್ಟುಕೊಂಡು, ಹಬ್ಬಕ್ಕೆ ಬಂದಾಗ ನನ್ನ ಹತ್ತಿರ ವಾದವನ್ನೂ ಮಾಡಬಹುದು.

“ಅಜ್ಜಿ, ಇಲ್ಲಿ ಒಳ್ಳೆಯವರಾಗಿದ್ದರೆ ತುಳಿದುಹಾಕ್ತಾರೆ. ಇನ್ನುಮೇಲೆ ನಾನೂ ಎಲ್ಲರ ಹಾಗೇ ಇರ್ತೀನಿ” ಅಂದೆಯಲ್ಲ. ಜೊತೆಯ ಹುಡುಗನಿಗೆ ಎರಡು ರಾತ್ರಿ ನಿದ್ದೆಗೆಟ್ಟು ಸಹಾಯ ಮಾಡಿದೆ, ಅವನು ಮೀಟಿಂಗ್‌ನಲ್ಲಿ ಎಲ್ಲವನ್ನೂ ತಾನೇ ಮಾಡಿದೆನೆಂದು ಹೇಳಿಕೊಂಡ, ಮ್ಯಾನೇಜರು ಅವನ ಬೆನ್ನು ತಟ್ಟಿದರು. ನಿನಗೆ ಹೊಟ್ಟೆ ಉರಿದದ್ದು ಸಹಜ. ನಿನ್ನ ಸಿಟ್ಟನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಆ ಸಿಟ್ಟಿನ ಕೊನೆಯಲ್ಲಿ ನೀನು ಮಾಡಿದ ತೀರ್ಮಾನವಿದೆಯಲ್ಲ, ಅದು ನಿನ್ನ ಇಡೀ ಬದುಕನ್ನು ಮುಟ್ಟುವಂಥದ್ದು. ಆದ್ದರಿಂದ ಸ್ವಲ್ಪ ಕೂತು ಕೇಳು, ಕಂದ.

ನಿನ್ನ ಮಾತಿನಲ್ಲಿ ಎರಡು ಸಂಗತಿ ಒಂದಕ್ಕೊಂದು ಅಂಟಿಕೊಂಡಿವೆ. ಒಳ್ಳೆಯತನ ಒಂದು, ಕೇಳಿದ್ದಕ್ಕೆಲ್ಲ ಹ್ಞೂಂ ಅನ್ನುವುದು ಇನ್ನೊಂದು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಬೆಳೆಸುವಾಗ ಇವೆರಡನ್ನೂ ಒಂದೇ ಎಂಬಂತೆ ಕಲಿಸಿಬಿಟ್ಟಿದ್ದೇವೆ. ಎದುರು ಮಾತಾಡದ ಹುಡುಗಿ ಒಳ್ಳೆಯ ಹುಡುಗಿ, ಎಲ್ಲರ ಕೆಲಸ ಮೈಮೇಲೆ ಹಾಕಿಕೊಳ್ಳುವ ಸೊಸೆ ಒಳ್ಳೆಯ ಸೊಸೆ. ಹೀಗೆ ಇರುವವರಲ್ಲಿ ಎಷ್ಟೋ ಜನ ನಿಜವಾಗಿ ಒಳ್ಳೆಯವರೇ. ಆದರೆ ಅವರ ಹ್ಞೂಂಗೆ ಕಾರಣ ಬಹಳ ಸಲ ಪ್ರೀತಿಯಲ್ಲ, ಭಯ. ಬೇಡ ಅಂದರೆ ಏನಂದುಕೊಳ್ಳುತ್ತಾರೋ ಎಂಬ ಭಯ. ಆ ಭಯವನ್ನು ಜನ ತುಳಿಯುತ್ತಾರೆ, ಅದು ನಿಜ. ಅದಕ್ಕೆ ಔಷಧಿ ಕಲ್ಲುಮನಸ್ಸು ಮಾಡಿಕೊಳ್ಳುವುದಲ್ಲ. ಬೇಡ ಎಂಬ ಮಾತನ್ನು ಮುಖ ಗಂಟಿಕ್ಕದೆ ಹೇಳಲು ಕಲಿಯುವುದು.

ನೀನು ಬೆಂಗಳೂರಿನ ಬಸವನಗುಡಿಯಲ್ಲಿ ಓಡಾಡುತ್ತೀಯ. ನ್ಯಾಷನಲ್ ಕಾಲೇಜಿನ ಮುಂದೆ ಹೋಗುವಾಗ, ಮೃದುವಾಗಿದ್ದೂ ಯಾರಿಗೂ ಬಗ್ಗದ ಎಚ್. ನರಸಿಂಹಯ್ಯನವರನ್ನು ಒಮ್ಮೆ ನೆನೆಸಿಕೋ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದವರು. ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಓದುವುದಕ್ಕೆಂದು ಬೆಂಗಳೂರಿಗೆ ನಡೆದೇ ಬಂದರು. 1942ರಲ್ಲಿ ಓದು ನಿಲ್ಲಿಸಿ ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಸೇರಿದರು. ಮುಂದೆ ಅಮೆರಿಕದ ಓಹಿಯೋಗೆ ಹೋಗಿ ಪರಮಾಣು ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಹಿಂತಿರುಗಿದರು. ಮದುವೆಯಾಗಲಿಲ್ಲ, ಸ್ವಂತಕ್ಕೆ ಮನೆ ಮಾಡಲಿಲ್ಲ. ಖಾದಿ ಪಂಚೆ, ಜುಬ್ಬ, ಟೋಪಿ ಹಾಕಿಕೊಂಡು ಹಾಸ್ಟೆಲಿನ ಕೋಣೆಯಲ್ಲಿ ಹುಡುಗರ ನಡುವೆಯೇ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಯಂಥ ಹಿಂದುಳಿದ ಕಡೆ ಕಾಲೇಜು ಬರುವಂತೆ ಮಾಡಿದರು. ಬಡ ಹುಡುಗರ ಮೇಲಿನ ಅವರ ಅಕ್ಕರೆಗೆ ಸಾಕ್ಷಿ ಹೇಳುವವರು ಈಗಲೂ ಊರೂರಲ್ಲಿ ಸಿಗುತ್ತಾರೆ.

ಇಷ್ಟು ಮೃದುವಾದ ಮನುಷ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಭಾರೀ ಪ್ರಭಾವವುಳ್ಳವರನ್ನೇ ಪ್ರಶ್ನೆ ಕೇಳಿದರು. ಎಷ್ಟು ವಿರೋಧ ಬಂದರೂ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೆಂದು ಅವರ ಬಾಯಲ್ಲಿ ಕೆಟ್ಟ ಮಾತು ಬಂತೆಂದು ಯಾರೂ ಹೇಳುವುದಿಲ್ಲ. ಹುಡುಗರ ಹೆಗಲ ಮೇಲೆ ಕೈ ಹಾಕುವ ಮನುಷ್ಯನೇ ದೊಡ್ಡವರ ಎದುರು ನೆಟ್ಟಗೆ ನಿಂತದ್ದು. ಒಂದೇ ಎದೆಯಲ್ಲಿ ಎರಡಕ್ಕೂ ಜಾಗವಿತ್ತು. ತನಗೆ ಬೇಕಾದ್ದು ಬಹಳ ಕಡಿಮೆ ಇದ್ದುದರಿಂದ ಅವರನ್ನು ಹೆದರಿಸುವುದು ಯಾರಿಗೂ ಸುಲಭವಿರಲಿಲ್ಲ ಎಂದು ನನಗೆ ತೋರುತ್ತದೆ.

ಈಗ ನಿನ್ನ ಆಫೀಸಿನ ಹುಡುಗನ ವಿಷಯಕ್ಕೆ ಬರೋಣ. ಅವನನ್ನು ಒಬ್ಬನನ್ನೇ ಕರೆದು, ಕಾಫಿ ಕುಡಿಯುತ್ತಾ, ನೇರವಾಗಿ ಹೇಳು: “ಆ ಕೆಲಸ ಇಬ್ಬರೂ ಸೇರಿ ಮಾಡಿದ್ದು. ನನ್ನ ಹೆಸರನ್ನೂ ಹೇಳಬೇಕಿತ್ತು. ನನಗೆ ಬೇಜಾರಾಗಿದೆ.” ಅಷ್ಟು ಸಾಕು. ಹಿಂದಿನ ಲೆಕ್ಕವನ್ನೆಲ್ಲ ತೆಗೆಯಬೇಡ, ಅವನ ಗುಣದ ಬಗ್ಗೆ ತೀರ್ಪು ಕೊಡಬೇಡ. ಮುಂದಿನ ಸಲ ಕೆಲಸ ಶುರುವಾಗುವ ಮೊದಲೇ ಯಾರು ಏನು ಮಾಡುತ್ತಾರೆಂದು ಇಬ್ಬರ ಹೆಸರಿನಲ್ಲೂ ಒಂದು ಮೇಲ್ ಹೋಗಲಿ. ಅವನು ತಿದ್ದಿಕೊಂಡರೆ ಒಬ್ಬ ಸ್ನೇಹಿತ ಉಳಿದ. ತಿದ್ದಿಕೊಳ್ಳದಿದ್ದರೆ ಅವನಿಂದ ಎಷ್ಟು ದೂರದಲ್ಲಿರಬೇಕೆಂದು ನಿನಗೆ ಗೊತ್ತಾಯಿತು. ಆದರೆ ಅವನೊಬ್ಬ ಹೀಗೆ ಮಾಡಿದನೆಂದು, ನಾಳೆ ಸಹಾಯ ಕೇಳಿಕೊಂಡು ಬರುವ ಹೊಸ ಹುಡುಗಿಗೆ ಬಾಗಿಲು ಹಾಕಬೇಡ. ಅವನ ಸಾಲವನ್ನು ಅವಳು ಯಾಕೆ ತೀರಿಸಬೇಕು?

ಒಳ್ಳೆಯದನ್ನು ಬಿಡದೆ ಮಾಡುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆಯ ಸಾಲುಮರದ ತಿಮ್ಮಕ್ಕನ ವಿಷಯ ನಿನಗೆ ಪಾಠದಲ್ಲಿ ಬಂದಿರಬೇಕು. ಪರೀಕ್ಷೆಗೆ ಉತ್ತರ ಬರೆದು ಮರೆತೂ ಇರಬೇಕು. ನಾನು ಶಾಲೆಯ ಕೆಲಸದಲ್ಲಿದ್ದಾಗ ಕುದೂರು–ಹುಲಿಕಲ್ ರಸ್ತೆಯಲ್ಲಿ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಬಯಲಿನ ಬಿಸಿಲಿನಿಂದ ಬಂದ ಬಸ್ಸು ಆ ಆಲದ ಮರಗಳ ಕೆಳಗೆ ನುಗ್ಗಿದೊಡನೆ ಗಾಳಿಯೇ ಬೇರೆಯಾಗುತ್ತದೆ. ನಾಲ್ಕೈದು ಕಿಲೋಮೀಟರ್ ಉದ್ದಕ್ಕೂ 385 ಮರ. ಕಿಟಕಿ ಪಕ್ಕ ಕೂತವರು ತಲೆಯ ಮೇಲಿನ ಸೆರಗು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಮಾತಾಡುತ್ತಿದ್ದವರು ಒಂದು ಗಳಿಗೆ ಮಾತು ನಿಲ್ಲಿಸಿ ಹೊರಗೆ ನೋಡುತ್ತಿದ್ದರು.

ಆ ಮರಗಳನ್ನು ಬೆಳೆಸಿದ ಹೆಂಗಸು ಶಾಲೆಗೆ ಹೋದವರಲ್ಲ, ಕಲ್ಲುಕ್ವಾರಿಯಲ್ಲಿ ಕೂಲಿ ಮಾಡುತ್ತಿದ್ದವರು. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಲಿಲ್ಲ. ಹಳ್ಳಿಯಲ್ಲಿ ಮಕ್ಕಳಿಲ್ಲದ ಹೆಂಗಸು ಎಂಥೆಂಥ ಮಾತು ಕೇಳಬೇಕಾಗುತ್ತದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಆ ನೋವಿನಲ್ಲಿ ಗಂಡ ಚಿಕ್ಕಯ್ಯನವರೂ ಅವರೂ ಸೇರಿ ಆಲದ ಸಸಿ ನೆಡಲು ಶುರುಮಾಡಿದರು. ಮೊದಲ ವರ್ಷ 10, ಮರುವರ್ಷ 15, ಅದರ ಮುಂದಿನ ವರ್ಷ 20. ಮಳೆಗಾಲದಲ್ಲಿ ನೆಟ್ಟರೆ ನಾಲ್ಕು ತಿಂಗಳು ಹೇಗೋ ಆಗುತ್ತದೆ. ಆಮೇಲೆ ಬೇಸಿಗೆ ಬರುತ್ತದಲ್ಲ? ನಮ್ಮ ಸೀಮೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರ. ಹಗಲೆಲ್ಲ ಕೂಲಿ ಮಾಡಿ ಬಂದವರು ಬಾವಿ, ಕುಂಟೆಗಳಿಂದ ಕೊಡದಲ್ಲಿ ನೀರು ತುಂಬಿಕೊಂಡು ಕಿಲೋಮೀಟರ್‌ಗಟ್ಟಲೆ ಹೊತ್ತು ಗಿಡಗಳಿಗೆ ಹಾಕಿದರು. ದನ, ಮೇಕೆ ಬಾಯಿ ಹಾಕದಂತೆ ಒಂದೊಂದು ಗಿಡಕ್ಕೂ ಮುಳ್ಳಿನ ಬೇಲಿ ಕಟ್ಟಿದರು. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡ ಮೇಲೂ ತಿಮ್ಮಕ್ಕ ಗಿಡಗಳ ಕೈಬಿಡಲಿಲ್ಲ. 2019ರಲ್ಲಿ ಪದ್ಮಶ್ರೀ ಕೊಟ್ಟಾಗ ರಾಷ್ಟ್ರಪತಿಗಳ ತಲೆ ಮುಟ್ಟಿ ಆಶೀರ್ವಾದ ಮಾಡಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವಲ್ಲ. 2025ರ ನವೆಂಬರಿನಲ್ಲಿ ಅವರು ಹೋದರು.

ನಾನು ನಿನಗೆ ಹೇಳಬೇಕೆಂದಿರುವುದು ಈ ನೀರು ಹೊರುವ ವಿಷಯ. ಗಿಡ ನೆಡುವ ದಿನ ಎಲ್ಲರಿಗೂ ಹುರುಪು. ನಮ್ಮ ಶಾಲೆಯಲ್ಲಿ ವನಮಹೋತ್ಸವದ ದಿನ ಹುಡುಗರು ನಾ ಮುಂದು ತಾ ಮುಂದು ಎಂದು ಗುಂಡಿ ತೋಡುತ್ತಿದ್ದರು, ಫೋಟೋ ತೆಗೆಸಿಕೊಳ್ಳಲು ಊರ ದೊಡ್ಡವರು ಬರುತ್ತಿದ್ದರು. ಮುಂದಿನ ಮಾರ್ಚಿ ತಿಂಗಳಲ್ಲಿ ಬಿಂದಿಗೆ ಹಿಡಿದು ಬರುವವರು ಇಬ್ಬರೋ ಮೂವರೋ. ಬದುಕುಳಿದ ಗಿಡಗಳೆಲ್ಲ ಆ ಇಬ್ಬರು ಮೂವರ ಗಿಡಗಳೇ. ದಯೆಯ ವಿಷಯವೂ ಹೀಗೇ, ಪುಟ್ಟಿ. ಕರುಣೆ ಉಕ್ಕಿ ಬರುವ ಒಂದು ಗಳಿಗೆ ಎಲ್ಲರ ಬದುಕಿನಲ್ಲೂ ಬರುತ್ತದೆ. ಯಾರದೋ ಕಷ್ಟದ ವೀಡಿಯೋ ನೋಡಿ ಕಣ್ಣು ಒದ್ದೆಯಾಗುತ್ತದೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅದು ಒಳ್ಳೆಯದೇ. ಆದರೆ ಅದರಿಂದ ಮನುಷ್ಯನ ಗುಣ ತೀರ್ಮಾನವಾಗುವುದಿಲ್ಲ. ಉತ್ಸಾಹ ಇಳಿದ ಮೇಲೆ, ನೋಡುವವರು ಇಲ್ಲದಾಗ, ಮೈ ದಣಿದಿದ್ದಾಗ ಮತ್ತೆ ಕೊಡ ಎತ್ತಿಕೊಳ್ಳುತ್ತೀಯಲ್ಲ, ನಡತೆ ಅನ್ನುವುದು ಅಲ್ಲಿ ಹುಟ್ಟುತ್ತದೆ.

ಹಾಗೆ ಬಿಡದೆ ಮಾಡಿದವರನ್ನು ತುಳಿಯುವುದು ಸುಲಭವಲ್ಲ. ತಿಮ್ಮಕ್ಕನನ್ನು ಆಡಿಕೊಂಡವರು ಇದ್ದರು. ಅವರ ಮಾತು ಆ ಕಾಲಕ್ಕೆ ನೋಯಿಸಿಯೇ ಇರಬೇಕು. ಆದರೆ ಬೆಳಗಾದರೆ ಹಾಕಬೇಕಾದ ನೀರಿತ್ತು, ಕಟ್ಟಬೇಕಾದ ಬೇಲಿಯಿತ್ತು. ಕೆಲಸ ಇರುವವರಿಗೆ ಅವಮಾನವನ್ನು ಮೆಲುಕು ಹಾಕುತ್ತ ಕೂರಲು ಪುರಸೊತ್ತಿರುವುದಿಲ್ಲ.

ಇನ್ನೊಬ್ಬರ ವಿಷಯ ಹೇಳುತ್ತೇನೆ, ಇವರು ನನ್ನ ಕಣ್ಣೆದುರೇ ಇದ್ದವರು. 2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೂ ಬಿಸಿಯೂಟ ಬಂತು. ನಮ್ಮ ಶಾಲೆಗೆ ಬಂದ ಅಡುಗೆಯಮ್ಮ ಹೆಚ್ಚು ಮಾತಿನವರಲ್ಲ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ತಲೆಗೆ 100 ಗ್ರಾಂ ಅಕ್ಕಿ, ಮೇಲಿನವರಿಗೆ 150 ಗ್ರಾಂ ಎಂದು ಲೆಕ್ಕ. ಸಾಂಬಾರಿನಲ್ಲಿ ಬೇಳೆ, ತರಕಾರಿ ತಳಕ್ಕೆ ಇಳಿಯುತ್ತದೆ, ಮೇಲಿನದು ತಿಳಿ. ಬಡಿಸುವವರು ಗಮನ ಕೊಡದಿದ್ದರೆ ಸಾಲಿನ ಮೊದಲಿನವರಿಗೆ ನೀರು, ಕೊನೆಯವರಿಗೆ ಗಟ್ಟಿ. ಇಲ್ಲವೇ ಮೊದಲೇ ತಳ ಕೆದಕಿಬಿಟ್ಟರೆ ಕೊನೆಯವರಿಗೆ ಬರೀ ನೀರು. ಆಕೆ ಪ್ರತಿಯೊಂದು ತಟ್ಟೆಗೂ ಸೌಟನ್ನು ತಳದವರೆಗೆ ಇಳಿಸಿ, ಒಂದು ಸುತ್ತು ಕಲಕಿ, ಆಮೇಲೆ ತುಂಬುತ್ತಿದ್ದರು. ನೂರಾರು ಮಕ್ಕಳು, ಪ್ರತಿ ತಟ್ಟೆಗೂ ಒಂದು ಸುತ್ತು. ತೋಳು ಸೋತು ಹೋಗುವ ಕೆಲಸ. ಹಾಗೆ ಮಾಡಿ ಎಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ.

ಸೋಮವಾರದ ದಿನ ಅವರ ಕೈ ಇನ್ನೂ ಸ್ವಲ್ಪ ಧಾರಾಳ. ಕೆಲವು ಮಕ್ಕಳು ಶನಿವಾರ ಇಲ್ಲಿ ಉಂಡ ಮೇಲೆ ಮತ್ತೆ ಹೊಟ್ಟೆ ತುಂಬ ಉಣ್ಣುವುದು ಸೋಮವಾರವೇ ಎಂಬುದು ಅವರಿಗೆ ಗೊತ್ತಿತ್ತು. ಅಂಥ ಮಗು ಎರಡನೇ ಸಲ ತಟ್ಟೆ ತಂದರೆ ಮುಖ ನೋಡುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿರಲಿಲ್ಲ, ಅನ್ನ ಹಾಕಿ ಮುಂದಿನ ತಟ್ಟೆಗೆ ಕೈ ಚಾಚುತ್ತಿದ್ದರು. ಧರ್ಮದ ಬಗ್ಗೆ ನಾನು ಎಷ್ಟೋ ಪುಸ್ತಕ ಓದಿದ್ದೇನೆ, ಪ್ರವಚನ ಕೇಳಿದ್ದೇನೆ. ಸಾಲಿನ ಕೊನೆಯ ತಟ್ಟೆಯ ಬಗ್ಗೆ ಅಷ್ಟು ಎಚ್ಚರವಾಗಿದ್ದವರನ್ನು ಬೇರೆಲ್ಲೂ ಅಷ್ಟು ಹತ್ತಿರದಿಂದ ನೋಡಲಿಲ್ಲ.

ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ ಸಿದ್ಧಗಂಗೆಯ ಸ್ವಾಮಿಗಳಾದ ಶಿವಕುಮಾರ ಸ್ವಾಮೀಜಿಯವರು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. 2019ರ ಜನವರಿ 21ರಂದು ಬೆಳಿಗ್ಗೆ ಅವರು ಲಿಂಗೈಕ್ಯರಾದರೂ ಸುದ್ದಿಯನ್ನು ಪ್ರಕಟಿಸಿದ್ದು ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ. ತನ್ನ ಸಾವಿನ ಗದ್ದಲದಲ್ಲಿ ಮಕ್ಕಳು ಹಸಿದುಕೊಂಡಿರಬಾರದು ಎಂಬುದು ಅವರದೇ ಇಚ್ಛೆಯಾಗಿತ್ತು. ಅಷ್ಟು ದೊಡ್ಡ ಹೆಸರು ಅವರದು, ಊರಾಚೆ ಯಾರಿಗೂ ಹೆಸರು ಗೊತ್ತಿಲ್ಲದವರು ನಮ್ಮ ಅಡುಗೆಯಮ್ಮ. ಇಬ್ಬರ ಯೋಚನೆಯೂ ಒಂದೇ ಕಡೆಗೆ ಹೋಗುತ್ತಿತ್ತು: ಆ ಮಗು ಉಂಡಿತೇ?

ನೀನಿರುವ ಜಾಗದಲ್ಲಿ ಸಾಲಿನ ಕೊನೆಯಲ್ಲಿ ಯಾರಿದ್ದಾರೆ ಎಂದು ನೋಡು. ಗೇಟಿನಲ್ಲಿ ಹಗಲು ರಾತ್ರಿ ನಿಲ್ಲುವ ಸೆಕ್ಯುರಿಟಿಯವರು, ನೀವೆಲ್ಲ ಬರುವ ಮುಂಚೆಯೇ ನೆಲ ಒರೆಸಿ ಹೋಗುವ ಹೌಸ್‌ಕೀಪಿಂಗ್ ಹೆಂಗಸರು, ಕ್ಯಾಂಟೀನಿನಲ್ಲಿ ಲೋಟ ತೊಳೆಯುವ ಹುಡುಗ, ಮಳೆಯಲ್ಲಿ ನೆನೆದುಕೊಂಡು ನಿನ್ನ ಪೀಜಿಗೆ ಊಟ ತರುವವನು. ಅವರ ಹೆಸರು ಕೇಳಿ ತಿಳಿದುಕೋ. ಹೆಸರು ಹಿಡಿದು ಮಾತಾಡಿಸು, ವಯಸ್ಸಾದವರನ್ನು ಅಣ್ಣ, ಅಕ್ಕ ಅನ್ನು. ಅವರಿಗೆ ಕೊಡಬೇಕಾದ ಹಣವನ್ನು ಒಂದು ದಿನವೂ ತಡ ಮಾಡಬೇಡ. ನಿನಗೆ ನೂರು ರೂಪಾಯಿ ಮರೆತುಹೋಗುವ ಮೊತ್ತ, ಅವರ ಮನೆಯಲ್ಲಿ ಅದು ಆ ದಿನದ ಹಾಲು, ತರಕಾರಿ. ಅವರು ಕೆಲಸ ಮಾಡುವಾಗ ಫೋನಿನಲ್ಲಿ ಮುಖ ಹುದುಗಿಸಿಕೊಂಡು ಕಾಲು ಮಾತ್ರ ಎತ್ತಿ ಕೊಡಬೇಡ. ಎದ್ದು ಪಕ್ಕಕ್ಕೆ ನಿಲ್ಲು, ಒಂದು ಮಾತಾಡು.

ಕೊಡುವಾಗ ತಗೊಳ್ಳುವವರ ತಲೆ ತಗ್ಗದ ಹಾಗೆ ಕೊಡಬೇಕು. ಇದನ್ನು ನನಗೆ ಕಲಿಸಿದವರು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ನೋಟ್‌ಬುಕ್ಕು ತಾರದ ಮಕ್ಕಳನ್ನು ತರಗತಿಯಲ್ಲಿ ಎದ್ದು ನಿಲ್ಲಿಸುವುದು ಆಗಿನ ವಾಡಿಕೆ. ಆಕೆ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. “ಯಾರ ಹೆಸರನ್ನೂ ಕೂಗಬೇಡಿ, ನನ್ನ ಹತ್ತಿರ ಸೀಮೆಸುಣ್ಣ ತರಲು ಕಳಿಸಿ” ಅನ್ನುತ್ತಿದ್ದರು. ಮಗು ಆಫೀಸಿನ ಕೋಣೆಗೆ ಹೋದರೆ ಬೀರುವಿನಿಂದ ಎರಡು ನೋಟ್‌ಬುಕ್ಕು ತೆಗೆದು ಚೀಲದಲ್ಲಿ ಹಾಕಿ, ಕೈಗೆ ಸೀಮೆಸುಣ್ಣದ ಡಬ್ಬಿ ಕೊಟ್ಟು ಕಳಿಸುತ್ತಿದ್ದರು. ಮಗು ತರಗತಿಗೆ ಬರುವಾಗ ಮೇಡಂ ತನಗೇ ಕೆಲಸ ವಹಿಸಿದರೆಂಬ ಹೆಮ್ಮೆಯಲ್ಲಿ ಬರುತ್ತಿತ್ತು. ಪುಸ್ತಕ ಎಲ್ಲಿಂದ ಬಂತೆಂದು ಪಕ್ಕದ ಮಗುವಿಗೂ ತಿಳಿಯುತ್ತಿರಲಿಲ್ಲ. ಕೊಟ್ಟ ಪುಸ್ತಕ ತಿಂಗಳಲ್ಲಿ ಮುಗಿಯುತ್ತದೆ. ಉಳಿಸಿಕೊಟ್ಟ ಮಾನ ಬದುಕಿನುದ್ದಕ್ಕೂ ಇರುತ್ತದೆ. ನೀನು ಯಾರಿಗಾದರೂ ಸಹಾಯ ಮಾಡಿದಾಗ ಅದರ ಫೋಟೋ, ಕಥೆ ಯಾವುದೂ ನಿನ್ನ ಸ್ಟೇಟಸ್‌ಗೆ ಬರಬಾರದು. ಅವರಿಗೆ ಹೇಳಿಕೊಳ್ಳಬೇಕೆನಿಸಿದರೆ ಅವರು ಹೇಳಿಕೊಳ್ಳಲಿ.

ತಪ್ಪು ತಿದ್ದುವಾಗಲೂ ಇದೇ. ಮುಂದೆ ನಿನ್ನ ಕೈಕೆಳಗೆ ನಾಲ್ಕು ಜನ ಬರುತ್ತಾರೆ. ಹೊಗಳುವುದಿದ್ದರೆ ಎಲ್ಲರೆದುರು ಹೊಗಳು, ತಿದ್ದುವುದಿದ್ದರೆ ಒಬ್ಬರನ್ನೇ ಕರೆದು ತಿದ್ದು. ಆಗಿರುವ ತಪ್ಪನ್ನು ಮಾತ್ರ ಹೇಳು. “ನೀನು ಯಾವಾಗಲೂ ಹೀಗೇ” ಎಂಬ ಮಾತನ್ನು ಬಾಯಿಂದ ತೆಗೆದುಹಾಕು. ಮಗುವಿಗೆ “ಈ ಲೆಕ್ಕ ತಪ್ಪಾಗಿದೆ” ಅಂದರೆ ಮತ್ತೊಮ್ಮೆ ಮಾಡುತ್ತದೆ, “ನಿನಗೆ ಲೆಕ್ಕ ಬರುವುದಿಲ್ಲ” ಅಂದರೆ ಸ್ಲೇಟು ಕೆಳಗಿಡುತ್ತದೆ. ದೊಡ್ಡವರೂ ಬೇರೆಯಲ್ಲ. ಸಿಟ್ಟು ಬಂದಾಗ ರಾತ್ರಿ ಹೊತ್ತು ಗ್ರೂಪಿನಲ್ಲಿ ಮೆಸೇಜು ಹಾಕಬೇಡ. ಬರೆದು ಇಟ್ಟುಕೋ, ಬೆಳಿಗ್ಗೆ ಓದು. ಬೆಳಿಗ್ಗೆಯೂ ಸರಿ ಅನ್ನಿಸಿದರೆ ಹೋಗಿ ಎದುರಿಗೇ ಹೇಳು. ಬರೆದದ್ದರ ಅರ್ಧ ಬೆಳಕಿನಲ್ಲಿ ಬೇಡ ಅನ್ನಿಸುತ್ತದೆ.

ನಾನು ಕಂಡ ಹಾಗೆ ಜನರನ್ನು ನೋಯಿಸುವುದರಲ್ಲಿ ಕೆಟ್ಟ ಬುದ್ಧಿಯ ಪಾಲು ಕಡಿಮೆ, ಅವಸರದ ಪಾಲು ಹೆಚ್ಚು. ಕೆಟ್ಟವರೇನೂ ಅಲ್ಲದವರು ಪುರಸೊತ್ತಿಲ್ಲದೆ ಒರಟಾಗುತ್ತಾರೆ. ನೀನಿರುವ ಊರಿನಲ್ಲಿ ಸಿಗ್ನಲ್ಲಿನಿಂದ ಹಿಡಿದು ಲಿಫ್ಟಿನವರೆಗೆ ಎಲ್ಲವೂ ಓಡು ಓಡು ಅನ್ನುತ್ತದೆ. ಹೊರಡುವ ಹೊತ್ತಿಗೆ ಹತ್ತು ನಿಮಿಷ ಮುಂಚೆ ಹೊರಡು. ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಚೂರು ಜಾಗ ಬಿಡು. ಯಾರಾದರೂ ಕಷ್ಟ ಹೇಳಿಕೊಳ್ಳಲು ಬಂದರೆ ಆ ಜಾಗದಲ್ಲಿ ಅವರನ್ನು ಕೂರಿಸಬಹುದು. ರಾತ್ರಿ ಸರಿಯಾಗಿ ನಿದ್ದೆ ಮಾಡು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿದ್ದೆಗೆಟ್ಟವರಿಂದ ಸಹನೆ ಕೇಳುವುದು ಕಷ್ಟ. ನಿನ್ನನ್ನು ನೀನು ಸುಡುತ್ತ ಊರಿಗೆಲ್ಲ ಒಳ್ಳೆಯವಳಾಗಬೇಕೆಂದು ನಾನು ಹೇಳುತ್ತಿಲ್ಲ. ನಿನಗೆ ಕಷ್ಟ ಬಂದಾಗ ಸಹಾಯ ಕೇಳಲು ನಾಚಬೇಡ. ಕೇಳುವುದನ್ನು ಕಲಿತವರಿಗೆ, ಕೇಳಿಕೊಂಡು ಬಂದವರ ಹತ್ತಿರ ಹೇಗೆ ನಡೆದುಕೊಳ್ಳಬೇಕೆಂದು ಗೊತ್ತಿರುತ್ತದೆ.

ಅವಮಾನವಾದಾಗ ಏನು ಮಾಡಬೇಕು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಮಂಗಳೂರಿನ ಹರೇಕಳ ಹಾಜಬ್ಬನವರು. ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಇಟ್ಟುಕೊಂಡು ಮಾರುತ್ತಿದ್ದವರು. ಒಂದು ದಿನ ಹೊರದೇಶದ ದಂಪತಿ ಬಂದು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಹಾಜಬ್ಬನವರಿಗೆ ಅವರು ಏನು ಕೇಳಿದರೆಂದು ತಿಳಿಯಲಿಲ್ಲ, ಆ ದಂಪತಿ ಹೊರಟುಹೋದರು. ಬೇರೆಯವರಾಗಿದ್ದರೆ ಎರಡು ದಿನ ಕೊರಗಿ ಸುಮ್ಮನಾಗುತ್ತಿದ್ದರು. ಇಲ್ಲವೇ ತನಗೆ ಸಿಗದ ಓದು ಮಂದಿಗೆ ಸಿಕ್ಕಿತಲ್ಲ ಎಂದು ಕಹಿಯಾಗುತ್ತಿದ್ದರು. ಇವರು ತಮ್ಮೂರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಹೊರಟರು. ಹಣ್ಣು ಮಾರಿ ಬಂದ ದುಡ್ಡಿನಲ್ಲಿ ಉಳಿಸಿದರು, ಆಫೀಸಿನಿಂದ ಆಫೀಸಿಗೆ ಅಲೆದರು, ಕಂಡಕಂಡವರ ಹತ್ತಿರ ಕೇಳಿದರು. 2000ದಲ್ಲಿ ನ್ಯೂಪಡ್ಪು ಎಂಬ ಅವರ ಹಳ್ಳಿಯಲ್ಲಿ 28 ಮಕ್ಕಳ ಶಾಲೆ ಶುರುವಾಯಿತು. ಆಮೇಲೆ ಜಾಗ ಬಂತು, ಕಟ್ಟಡ ಬಂತು, ಪ್ರೌಢಶಾಲೆಯೂ ಆಯಿತು. 2020ರಲ್ಲಿ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು.

ನೋವು ಎಲ್ಲರಿಗೂ ಆಗುತ್ತದೆ, ಕಂದ. ಕೆಲವರು ತಮಗಾದ ನೋವನ್ನು ಹಾಗೇ ಇಟ್ಟುಕೊಂಡು ಕೈಗೆ ಸಿಕ್ಕ ಚಿಕ್ಕವರಿಗೆ ದಾಟಿಸುತ್ತಾರೆ. ಅತ್ತೆ ಕೊಟ್ಟ ಕಾಟವನ್ನು ಸೊಸೆಗೆ, ಸೀನಿಯರ್ ಕೊಟ್ಟ ಕಿರುಕುಳವನ್ನು ಜೂನಿಯರಿಗೆ. ಇನ್ನು ಕೆಲವರು ಇದು ನನ್ನಲ್ಲಿಗೇ ನಿಲ್ಲಲಿ ಅನ್ನುತ್ತಾರೆ. ಹಾಜಬ್ಬನವರು ಹಾಗೆ ನಿಲ್ಲಿಸಿದವರು. ಮೊನ್ನೆ ಫೋನಿನಲ್ಲಿ ನೀನು “ನಾನೂ ಎಲ್ಲರ ಹಾಗೇ ಇರ್ತೀನಿ” ಅಂದೆಯಲ್ಲ, ಅದರ ಅರ್ಥ ನಿನ್ನ ನೋವನ್ನು ಮುಂದಿನವರಿಗೆ ದಾಟಿಸುತ್ತೇನೆ ಎಂದು. ನೀನು ಅಂಥವಳಲ್ಲ. ಚಿಕ್ಕವಳಿದ್ದಾಗ ನಿನ್ನ ಬಳಪ ಮುರಿದವಳಿಗೇ ಮರುದಿನ ನಿನ್ನ ತಿಂಡಿಯಲ್ಲಿ ಪಾಲು ಕೊಟ್ಟು ಬಂದವಳು ನೀನು. ಹಾಗೆ ಕೊಡುವ ಮೊದಲು ಅವಳ ಹತ್ತಿರ “ಇನ್ನೊಂದು ಸಲ ಮುರಿದರೆ ಟೀಚರಿಗೆ ಹೇಳುತ್ತೇನೆ” ಅಂದಿದ್ದೆಯಂತೆ. ಆಗ ನಿನಗೆ ಎರಡೂ ಗೊತ್ತಿತ್ತು.

ಇಷ್ಟೆಲ್ಲ ಹೇಳಿದ್ದಕ್ಕೆ ನೀನು ಹೆದರಬೇಡ. ಎಲ್ಲವನ್ನೂ ನಾಳೆಯೇ ಶುರುಮಾಡಬೇಕಾಗಿಲ್ಲ. ಒಂದನ್ನೇ ಹಿಡಿ. ಸಣ್ಣದಿರಲಿ, ಆದರೆ ಬಿಡಬೇಡ. ವಾರಕ್ಕೊಂದು ಸಂಜೆ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಿರಬಹುದು, ಪೀಜಿಯಲ್ಲಿ ಅಡುಗೆ ಮಾಡುವವರ ಮಗಳ ಶಾಲೆಯ ಫೀಸಿಗೆ ತಿಂಗಳಿಗಿಷ್ಟು ಎಂದು ಎತ್ತಿಡುವುದಿರಬಹುದು, ಒಂಟಿಯಾಗಿರುವ ನಿನ್ನ ದೊಡ್ಡಮ್ಮನಿಗೆ ಪ್ರತಿ ಭಾನುವಾರ ಫೋನು ಮಾಡುವುದಿರಬಹುದು. ನರಸಿಂಹಯ್ಯನವರು 1962ರಲ್ಲಿ ಶುರುಮಾಡಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ವಾರವಾರವೂ ಉಪನ್ಯಾಸ ನಡೆಯುತ್ತಿತ್ತು. ಬಂದವರು ಹತ್ತು ಜನವೋ ನೂರು ಜನವೋ ಎಂದು ಅವರು ಎಣಿಸಲಿಲ್ಲ, ಬುಧವಾರ ಬಂದರೆ ಬಾಗಿಲು ತೆಗೆದಿರುತ್ತಿತ್ತು. ಹಾಗೆ ನಿನ್ನದೂ ಒಂದು ಬಾಗಿಲು ತೆಗೆದಿರಲಿ. ಮೊದಲ ಮೂರು ತಿಂಗಳು ಹುರುಪಿನಲ್ಲಿ ನಡೆಯುತ್ತದೆ. ನಾಲ್ಕನೆಯ ತಿಂಗಳು ಬೇಜಾರು ಬರುತ್ತದೆ, ಏನು ಪ್ರಯೋಜನ ಅನ್ನಿಸುತ್ತದೆ, ಸಹಾಯ ಪಡೆದವರು ಒಂದು ಥ್ಯಾಂಕ್ಸ್ ಕೂಡ ಹೇಳದೆ ಹೋಗುತ್ತಾರೆ. ಆ ತಿಂಗಳನ್ನು ದಾಟು. ದಾಟಿದ ಮೇಲೆ ಅದು ನಿನ್ನ ಸ್ವಭಾವವೇ ಆಗುತ್ತದೆ, ಆಮೇಲೆ ಯಾರ ಹೊಗಳಿಕೆಯೂ ಬೇಕಾಗುವುದಿಲ್ಲ, ಯಾರ ಕುಹಕವೂ ತಾಗುವುದಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ರಜೆ ಹಾಕಿಕೊಂಡು ಬಾ. ಅವರೆಕಾಳಿನ ಹುಳಿ, ಅಕ್ಕಿರೊಟ್ಟಿ ಮಾಡಿಕೊಡುತ್ತೇನೆ. ಬರುವಾಗ ನೀನು ಯಾವುದನ್ನು ಹಿಡಿದೆ ಎಂದು ನನಗೆ ಹೇಳಬೇಕು. ಆ ಹುಡುಗನ ಹತ್ತಿರ ಏನು ಮಾತಾಡಿದೆ ಎಂಬುದನ್ನೂ ಹೇಳಬೇಕು. ನಿನಗೆ ಒಳ್ಳೆಯ ಸಂಬಳ ಬರಲಿ, ಮೇಲಿನ ಹುದ್ದೆಗಳು ಬರಲಿ, ಒಳ್ಳೆಯ ಆರೋಗ್ಯ ಇರಲಿ. ಇವೆಲ್ಲದರ ಜೊತೆಗೆ, ನಿನ್ನೊಂದಿಗೆ ಕೆಲಸ ಮಾಡಿದವರು ಯಾವ ಕಾಲಕ್ಕಾದರೂ ನಿನ್ನ ಹೆಸರು ಬಂದಾಗ “ಅವಳಿದ್ದರೆ ನಮಗೊಂದು ಧೈರ್ಯ” ಅನ್ನಲಿ. ಅಜ್ಜಿಯಾಗಿ ನಾನು ದೇವರ ಹತ್ತಿರ ನಿನಗಾಗಿ ಕೇಳುವುದು ಇದನ್ನೇ.

ಇಂತಿ ನಿನ್ನ ಪ್ರೀತಿಯ
ಅಜ್ಜಿ